2024ರ ಸೂಪರ್‌ಹೀರೋ ಕಾಮಿಕ್ಸ್: ನನಗೆ ಹಿಡಿಸಿದ್ದು, ಬೇಜಾರು ಮಾಡಿದ್ದು

ಹಾಸ್ಟೆಲ್ಲಿನಲ್ಲಿ ವರ್ಷಕ್ಕೆ ಮೂರ್ನಾಲ್ಕು ಸಲ ಯಾರಾದರೂ ಬಂದು ಕೇಳ್ತಾರೆ. "ಮಗಾ, ಸ್ಪೈಡರ್‌ಮ್ಯಾನ್ ಸಿನಿಮಾ ಎಲ್ಲಾ ನೋಡಿದೀನಿ. ಕಾಮಿಕ್ಸ್ ಓದೋಣ ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?" ವೈವಾದಲ್ಲಿ ಕೇಳೋ ಪ್ರಶ್ನೆಗಿಂತ ನನಗೆ ಇದೇ ಕಷ್ಟ. "ಇದನ್ನ ಓದು, ಆದ್ರೆ ಅದಕ್ಕೆ ಮುಂಚೆ ಅದು ಗೊತ್ತಿರಬೇಕು, ಅದು ಅರ್ಥ ಆಗಬೇಕು ಅಂದ್ರೆ 2007ರಲ್ಲಿ ಏನಾಯ್ತು ಅಂತ ಗೊತ್ತಿರಬೇಕು" ಅಂತ ನಾನು ಹೇಳ್ತಾ ಹೋಗ್ತೀನಿ. ಐದು ನಿಮಿಷಕ್ಕೆ ಎದುರಿಗಿದ್ದವನ ಮುಖ ಬಾಡುತ್ತೆ. ಅವನು ಎದ್ದು ಹೋಗಿ ರೀಲ್ಸ್ ನೋಡ್ತಾನೆ.

ಈ ವರ್ಷ ಮಾತ್ರ ಉತ್ತರ ಕೊಡೋದು ಸುಲಭ ಆಯ್ತು. 2024ರಲ್ಲಿ ಬಂದ ಅತ್ಯುತ್ತಮ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಹೆಚ್ಚಿನವು, ಹಿಂದಿನದು ಏನೂ ಗೊತ್ತಿಲ್ಲದೆ ಓದಬಹುದಾದವು. ಅದೇ ವರ್ಷ ನನಗೆ ತೀರಾ ಬೇಜಾರು ಮಾಡಿದ ಕಾಮಿಕ್ಸ್ ಎಲ್ಲವೂ ಹಳೆಯದಕ್ಕೆ ಅಂಟಿಕೊಂಡವು. ಇದು ಕಾಕತಾಳೀಯ ಅಲ್ಲ ಅಂತ ನನ್ನ ಅನಿಸಿಕೆ. ಯಾಕೆ ಅಂತ ಈ ಪಟ್ಟಿಯ ಜೊತೆಗೇ ಹೇಳ್ತೀನಿ.

ಮೊದಲು, ಸಮಸ್ಯೆ ಏನು

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಅಂದರೆ ಸಾಮಾನ್ಯವಾಗಿ ತಿಂಗಳಿಗೊಂದು ಬರುವ, ಇಪ್ಪತ್ತು ಪುಟದ ಆಸುಪಾಸಿನ ತೆಳು ಪುಸ್ತಕ. ಸೂಪರ್‌ಮ್ಯಾನ್ ಬಂದಿದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ. ಈ ಕತೆಗಳು ಇನ್ನೂ ಮುಗಿದಿಲ್ಲ. ಬರೆಯುವವರು ಬದಲಾಗ್ತಾರೆ, ಚಿತ್ರ ಬಿಡಿಸುವವರು ಬದಲಾಗ್ತಾರೆ, ಕತೆ ಮಾತ್ರ ಮುಂದುವರಿಯುತ್ತೆ. ಹಿಂದೆ ನಡೆದದ್ದೆಲ್ಲ ಲೆಕ್ಕಕ್ಕೆ ಬರುತ್ತೆ. ಇದಕ್ಕೆ ಕಂಟಿನ್ಯುಟಿ ಅಂತಾರೆ.

ನಮಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದರೆ ಇದು ಲೆಗಸಿ ಕೋಡ್. ಅರವತ್ತು ವರ್ಷದಿಂದ ನೂರಾರು ಜನ ಸೇರಿ ಬರೆದ ಪ್ರೋಗ್ರಾಂ, ಅದೂ ಒಂದು ದಿನವೂ ನಿಲ್ಲಿಸದೆ ಓಡಬೇಕಾದ ಪ್ರೋಗ್ರಾಂ. ಒಂದು ಕಡೆ ಏನಾದರೂ ಬದಲಾಯಿಸಿದರೆ ಇನ್ನೊಂದು ಕಡೆ ಕೆಡುತ್ತೆ. ಹಾಗಾಗಿ ಕಂಪನಿಯವರು ದೊಡ್ಡ ಬದಲಾವಣೆ ಮಾಡಿದ ಹಾಗೆ ತೋರಿಸ್ತಾರೆ, ಎರಡು ವರ್ಷ ಆದಮೇಲೆ ಸದ್ದಿಲ್ಲದೆ ಮೊದಲಿನ ಜಾಗಕ್ಕೇ ತಂದು ನಿಲ್ಲಿಸ್ತಾರೆ. ಹೋದ ಪುಟ್ಟ, ಬಂದ ಪುಟ್ಟ.

ಇದಕ್ಕೆ ಒಳ್ಳೆಯ ಉದಾಹರಣೆ ಪೀಟರ್ ಪಾರ್ಕರ್ ಮದುವೆ. 1987ರಲ್ಲಿ ಪೀಟರ್ ಮತ್ತು ಮೇರಿ ಜೇನ್ ಮದುವೆಯಾದರು. ಇಪ್ಪತ್ತು ವರ್ಷ ಗಂಡ ಹೆಂಡತಿಯಾಗಿದ್ದರು. 2007ರಲ್ಲಿ 'ಒನ್ ಮೋರ್ ಡೇ' ಅನ್ನೋ ಕತೆಯಲ್ಲಿ, ಸಾಯುತ್ತಿರುವ ಮೇ ಆಂಟಿಯನ್ನು ಉಳಿಸಲು ಪೀಟರ್ ಮೆಫಿಸ್ಟೋ ಅನ್ನೋ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡ. ಅದಕ್ಕೆ ಕೊಟ್ಟ ಬೆಲೆ ಅವನ ಮದುವೆ. ಆ ಮದುವೆ ಆಗಿರಲೇ ಇಲ್ಲ ಅನ್ನೋ ಹಾಗೆ ಲೋಕವೇ ಬದಲಾಯಿತು. ಡೈವೋರ್ಸ್ ಕೂಡ ಅಲ್ಲ, ಡಿಲೀಟ್. ಮದುವೆಯಾದರೆ ಹೀರೋ ಮುದುಕನಾದ ಹಾಗೆ ಕಾಣ್ತಾನೆ ಅನ್ನೋದು ಆಗ ಕೇಳಿಬಂದ ವಾದ. ಅಲ್ಲಿಂದ ಇಲ್ಲಿವರೆಗೆ ಮುಖ್ಯ ಕತೆಯಲ್ಲಿ ಪೀಟರ್‌ಗೆ ಒಂದು ಸಂಸಾರ ಅಂತ ಆಗಿಲ್ಲ.

ಎರಡು ಹೊಸ ಲೋಕಗಳು

ಈ ಗಂಟನ್ನು ಬಿಡಿಸೋ ಬದಲು ಪಕ್ಕದಲ್ಲಿ ಹೊಸ ದಾರ ಹಿಡಿದರೆ ಹೇಗೆ? 2024ರಲ್ಲಿ ಮಾರ್ವೆಲ್ ಮತ್ತು ಡಿಸಿ ಎರಡೂ ಇದನ್ನೇ ಮಾಡಿದವು.

ಮಾರ್ವೆಲ್‌ನದು 'ಅಲ್ಟಿಮೇಟ್' ಲೋಕ. ಮೇಕರ್ ಅನ್ನೋ ಖಳನಾಯಕ ಕಾಲದಲ್ಲಿ ಹಿಂದಕ್ಕೆ ಹೋಗಿ, ಹೀರೋಗಳು ಹೀರೋ ಆಗೋ ಕ್ಷಣಗಳನ್ನೇ ತಪ್ಪಿಸಿಬಿಟ್ಟಿದ್ದಾನೆ. ಪೀಟರ್‌ನನ್ನು ಕಚ್ಚಬೇಕಿದ್ದ ಜೇಡ ಅವನನ್ನು ಕಚ್ಚಲೇ ಇಲ್ಲ. ಡಿಸಿಯದು 'ಅಬ್ಸೊಲ್ಯೂಟ್' ಲೋಕ, ಶುರುವಾಗಿದ್ದು ಅಕ್ಟೋಬರ್‌ನಲ್ಲಿ. ಡಾರ್ಕ್‌ಸೈಡ್‌ನ ಶಕ್ತಿಯಿಂದ ಹುಟ್ಟಿದ ಈ ಲೋಕದಲ್ಲಿ ಹೀರೋಗಳಿಗೆ ಹುಟ್ಟಿನಿಂದ ಬರಬೇಕಾದ ಅನುಕೂಲ ಯಾವುದೂ ಸಿಗಲ್ಲ. ಬ್ಯಾಟ್‌ಮ್ಯಾನ್‌ಗೆ ದುಡ್ಡಿಲ್ಲ. ವಂಡರ್ ವುಮನ್‌ಗೆ ಅಮೆಜಾನ್‌ಗಳ ದ್ವೀಪ ಇಲ್ಲ. ಸೂಪರ್‌ಮ್ಯಾನ್‌ಗೆ ಕ್ಯಾನ್ಸಸ್ಸಿನ ತೋಟದಲ್ಲಿ ಕಳೆದ ಬಾಲ್ಯ ಇಲ್ಲ.

"ಗೊತ್ತಿರೋ ಕತೆಯನ್ನೇ ತಿರುಚಿ ಹೇಳಿದರೆ ಅದು ಮೋಸ ಅಲ್ವಾ?" ಅಂತ ನನ್ನ ರೂಮ್‌ಮೇಟ್ ಕೇಳಿದ. ಕನ್ನಡದವರು ಈ ಪ್ರಶ್ನೆ ಕೇಳಬಾರದು. ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ರನ್ನ ಭೀಮನನ್ನು ನಾಯಕ ಮಾಡಿಕೊಂಡು ಬರೆದರೂ ನಮ್ಮ ಮನಸ್ಸಲ್ಲಿ ಉಳಿಯೋದು ಅವನ ದುರ್ಯೋಧನ. ಭೈರಪ್ಪನವರು 'ಪರ್ವ'ದಲ್ಲಿ ಪವಾಡಗಳನ್ನೆಲ್ಲ ತೆಗೆದು ಮನುಷ್ಯರನ್ನಷ್ಟೇ ಉಳಿಸಿದರು. ಎಲ್ಲರಿಗೂ ಗೊತ್ತಿರೋ ಕತೆ ಅಂತಾನೇ ಒಂದು ಬದಲಾವಣೆ ಮಾಡಿದರೂ ಓದುಗರಿಗೆ ತಟ್ಟನೆ ಗೊತ್ತಾಗುತ್ತೆ. ಈ ಹೊಸ ಲೋಕಗಳು ಕೆಲಸ ಮಾಡೋದೂ ಹಾಗೇ.

ಹಿಡಿಸಿದ್ದು

*1. ಅಲ್ಟಿಮೇಟ್ ಸ್ಪೈಡರ್‌ಮ್ಯಾನ್* (ಕತೆ: ಜೊನಾಥನ್ ಹಿಕ್‌ಮನ್, ಚಿತ್ರ: ಮಾರ್ಕೊ ಕೆಕೆಟ್ಟೊ)

ಜನವರಿಯಲ್ಲಿ ಶುರುವಾಯಿತು. ನನ್ನ ಮಟ್ಟಿಗೆ ವರ್ಷದ ಕಾಮಿಕ್ಸ್ ಇದೇ. ಇಲ್ಲಿ ಪೀಟರ್‌ಗೆ ಮೂವತ್ತು ದಾಟಿದೆ, ಗಡ್ಡ ಇದೆ, ಮೇರಿ ಜೇನ್ ಹೆಂಡತಿ, ಇಬ್ಬರು ಮಕ್ಕಳು. ಬೆನ್ ಅಂಕಲ್ ಬದುಕಿದ್ದಾರೆ, ಮೇ ಆಂಟಿ ಇಲ್ಲ. ಎಲ್ಲಾ ಸರಿಯಿದ್ದರೂ ತನ್ನ ಜೀವನದಲ್ಲಿ ಏನೋ ತಪ್ಪಿಹೋಗಿದೆ ಅಂತ ಅವನಿಗೆ ಅನಿಸ್ತಾ ಇರುತ್ತೆ. ಆಗ ಟೋನಿ ಸ್ಟಾರ್ಕ್‌ನಿಂದ ಆ ಜೇಡ ಅವನ ಕೈಗೆ ಬರುತ್ತೆ, ಆಯ್ಕೆಯನ್ನು ಅವನಿಗೇ ಬಿಡಲಾಗುತ್ತೆ.

ಇದು ಎಷ್ಟು ದೊಡ್ಡ ಬದಲಾವಣೆ ನೋಡಿ. ಹಳೇ ಪೀಟರ್‌ಗೆ ಹದಿನೈದರ ವಯಸ್ಸಿನಲ್ಲಿ ಜೇಡ ಕಚ್ಚಿದ್ದು ಆಕಸ್ಮಿಕ. ಈ ಪೀಟರ್ ಬೇಕು ಅಂತ ಕಚ್ಚಿಸಿಕೊಳ್ತಾನೆ, ಮನೆಯಲ್ಲಿ ಹೆಂಡತಿ ಮಕ್ಕಳು ಇದ್ದಾರೆ ಅಂತ ಗೊತ್ತಿದ್ದೂ. ನಾಲ್ಕನೇ ಸಂಚಿಕೆಯಲ್ಲಿ ಹೆಚ್ಚಿನ ಭಾಗ ಏನು ಗೊತ್ತಾ? ಪೀಟರ್, ಮೇರಿ ಜೇನ್, ಹ್ಯಾರಿ, ಗ್ವೆನ್ ನಾಲ್ವರೂ ಹೋಟೆಲಲ್ಲಿ ಕೂತು ಊಟ ಮಾಡ್ತಾರೆ, ಮಾತಾಡ್ತಾರೆ. ಯಾವ ಹೊಡೆದಾಟದ ಸಂಚಿಕೆಗಿಂತಲೂ ಅದನ್ನ ಓದುವಾಗ ನನಗೆ ಎದೆ ಹೆಚ್ಚು ಹೊಡೆದುಕೊಳ್ತು.

ಇನ್ನೊಂದು ವಿಷಯ. ಈ ಲೋಕದಲ್ಲಿ ನಮಗೆ ಒಂದು ತಿಂಗಳು ಕಳೆದರೆ ಕತೆಯಲ್ಲೂ ಒಂದು ತಿಂಗಳು ಕಳೆಯುತ್ತೆ. ಬೀಗ ಹಾಕಿಕೊಂಡ ತನ್ನ ನಗರದಿಂದ ಎರಡು ವರ್ಷಕ್ಕೆ ಮೇಕರ್ ಹೊರಗೆ ಬರ್ತಾನೆ ಅಂತ ಎಲ್ಲರಿಗೂ ಗೊತ್ತು. ಸೆಮಿಸ್ಟರ್ ಡೇಟ್ ಇದ್ದ ಹಾಗೆ, ತಪ್ಪಿಸಿಕೊಳ್ಳೋಕೆ ಆಗಲ್ಲ. ಅರವತ್ತು ವರ್ಷ ವಯಸ್ಸೇ ಆಗದ ಪೀಟರ್‌ನನ್ನು ನೋಡಿದವರಿಗೆ ಇದು ಹೊಸದು.

*2. ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್* (ಕತೆ: ಸ್ಕಾಟ್ ಸ್ನೈಡರ್, ಚಿತ್ರ: ನಿಕ್ ಡ್ರಗೊಟ್ಟ)

ಸಿವಿಲ್‌ನವರು ಇದನ್ನ ಓದಲೇಬೇಕು. ಇಲ್ಲಿ ಬ್ರೂಸ್ ವೇನ್ ಕೋಟ್ಯಧಿಪತಿ ಅಲ್ಲ, ಗಾಥಮ್ ನಗರದ ಎಂಜಿನಿಯರ್. ವಯಸ್ಸು 24. ಅಪ್ಪ ಮೇಷ್ಟ್ರು, ಮಕ್ಕಳನ್ನು ಝೂಗೆ ಕರೆದುಕೊಂಡು ಹೋದಾಗ ಅಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಸತ್ತರು. ಅಮ್ಮ ಬದುಕಿದ್ದಾರೆ. ಬಂಗಲೆ ಇಲ್ಲ, ಬಟ್ಲರ್ ಇಲ್ಲ. ಆಲ್ಫ್ರೆಡ್ ಇಲ್ಲಿ ಬೇರೆಯೇ ಕೆಲಸದ ಮೇಲೆ ಗಾಥಮ್‌ಗೆ ಬಂದ ಗೂಢಚಾರ. ಎದೆಯ ಮೇಲಿನ ಬಾವಲಿ ಚಿಹ್ನೆ ಕಿತ್ತರೆ ಕೊಡಲಿ ಆಗುತ್ತೆ. ಬ್ಯಾಟ್‌ಮೊಬೈಲ್ ಅಂದರೆ ಒಂದು ದೈತ್ಯ ಟಿಪ್ಪರ್ ಲಾರಿ.

ಕೊಡಲಿ ನೋಡಿ ಮೊದಲು ನನಗೆ ನಗು ಬಂತು. ಆಮೇಲೆ ಅರ್ಥ ಆಯ್ತು. ಹಳೇ ಬ್ಯಾಟ್‌ಮ್ಯಾನ್ ಬಗ್ಗೆ ಎಲ್ಲರೂ ಕೇಳೋ ಪ್ರಶ್ನೆ, "ಅಷ್ಟು ದುಡ್ಡಿದ್ರೆ ಊರನ್ನೇ ಸರಿ ಮಾಡಬಹುದಲ್ಲ, ಮಾಸ್ಕ್ ಯಾಕೆ?" ಅನ್ನೋದು. ಇಲ್ಲಿ ಆ ಪ್ರಶ್ನೆಯನ್ನೇ ತಿರುಗಿಸಿದ್ದಾರೆ. ದುಡ್ಡು ಇರೋದು ಜೋಕರ್ ಹತ್ತಿರ. ಬ್ರೂಸ್ ಹತ್ತಿರ ಇರೋದು ಮೈಬಲ, ಓದು, ಮತ್ತೆ ಊರಿನ ಕಟ್ಟಡಗಳು ಹೇಗೆ ನಿಂತಿವೆ ಅನ್ನೋ ತಿಳಿವಳಿಕೆ. ಮುಂದೆ ಅವನ ಶತ್ರುಗಳಾಗಬೇಕಾದ ವೇಲನ್ ಜೋನ್ಸ್, ಆಸ್ವಾಲ್ಡ್, ಎಡ್ವರ್ಡ್ ನಿಗ್ಮ, ಹಾರ್ವಿ ಡೆಂಟ್ ಎಲ್ಲರೂ ಇಲ್ಲಿ ಅವನ ಬಾಲ್ಯದ ಗೆಳೆಯರು, ಒಟ್ಟಿಗೆ ಕೂತು ಇಸ್ಪೀಟ್ ಆಡುವಂಥವರು. ಅವರಲ್ಲಿ ಯಾರು ಯಾವಾಗ ಕೈ ಬಿಡ್ತಾರೋ ಅಂತ ಓದುವಾಗೆಲ್ಲ ಭಯ. ಹಳೇ ಲೋಕದಲ್ಲಿ ಈ ಭಯ ಹುಟ್ಟಿಸೋಕೆ ಆಗಲ್ಲ, ಉತ್ತರ ನಮಗೆ ಮೊದಲೇ ಗೊತ್ತು.

*3. ದಿ ಅಲ್ಟಿಮೇಟ್ಸ್* (ಕತೆ: ಡೆನಿಜ್ ಕ್ಯಾಂಪ್, ಚಿತ್ರ: ಹುವಾನ್ ಫ್ರಿಜೆರಿ)

ಜೂನ್‌ನಲ್ಲಿ ಬಂತು. ಹೆಸರಿಗೆ ಇದು ಅವೆಂಜರ್ಸ್ ಥರದ ತಂಡ. ಆದರೆ ಇವರು ಅಧಿಕಾರದಲ್ಲಿ ಇರುವವರ ಕಡೆಯವರಲ್ಲ, ತಲೆಮರೆಸಿಕೊಂಡವರು. ಜಗತ್ತನ್ನು ಮೇಕರ್‌ನ ಕೂಟದವರು ಹಂಚಿಕೊಂಡಿದ್ದಾರೆ. ಮಂಜಿನಿಂದ ಎದ್ದು ಬಂದ ಕ್ಯಾಪ್ಟನ್ ಅಮೆರಿಕಾಗೆ ತನ್ನ ದೇಶವೇ ಆ ಹೆಸರಲ್ಲಿ ಇಲ್ಲ ಅಂತ ಗೊತ್ತಾಗುತ್ತೆ.

ನನ್ನನ್ನು ಹಿಡಿದಿಟ್ಟಿದ್ದು ಶೀ-ಹಲ್ಕ್ ಸಂಚಿಕೆ. ಇಲ್ಲಿ ಅವಳು ನ್ಯೂಯಾರ್ಕಿನ ವಕೀಲೆ ಅಲ್ಲ. ಗಾಮಾ ಬಾಂಬ್ ಪರೀಕ್ಷೆಗೆ ಬಲಿಯಾದ ಪೆಸಿಫಿಕ್ ದ್ವೀಪದ ಹುಡುಗಿ. ಇದು ಬರೀ ಕಲ್ಪನೆ ಅಂದುಕೊಳ್ಳಬೇಡಿ. 1946ರಿಂದ 1958ರವರೆಗೆ ಅಮೆರಿಕ ನಿಜವಾಗಿಯೂ ಮಾರ್ಷಲ್ ದ್ವೀಪಗಳ ಬಿಕಿನಿ ಹವಳದ್ವೀಪದಲ್ಲಿ 23 ಅಣುಬಾಂಬ್ ಪರೀಕ್ಷೆ ಮಾಡಿತು. ಅಲ್ಲಿನ ಜನರನ್ನು ಒಕ್ಕಲೆಬ್ಬಿಸಿತು. ಹಲ್ಕ್ 1962ರಿಂದ ಗಾಮಾ ಬಾಂಬಿನ ಕತೆ. ಆದರೆ ಆ ಬಾಂಬ್ ಯಾರ ಊರಿನ ಮೇಲೆ ಬೀಳುತ್ತೆ ಅಂತ ನಾನು ಯೋಚನೆ ಮಾಡಿದ್ದು ಈ ಇಪ್ಪತ್ತು ಚಿಲ್ಲರೆ ಪುಟ ಓದಿದ ಮೇಲೇ.

*4. ಅಬ್ಸೊಲ್ಯೂಟ್ ವಂಡರ್ ವುಮನ್* (ಕತೆ: ಕೆಲ್ಲಿ ಥಾಂಪ್ಸನ್, ಚಿತ್ರ: ಹೇಡನ್ ಶರ್ಮನ್)

ಡಯಾನಾ ಬೆಳೆಯೋದು ನರಕದಲ್ಲಿ. ಸಾಕುವವಳು ಮಾಟಗಾತಿ ಸರ್ಸಿ. ಮಗು ಬೇಡ ಅಂತಿದ್ದವಳ ತಲೆಗೆ ದೇವರುಗಳು ಮಗುವನ್ನು ಕಟ್ಟಿ ಹೋಗ್ತಾರೆ. ದೊಡ್ಡ ಕತ್ತಿ, ಎಲುಬುಗೂಡಿನ ರೆಕ್ಕೆ ಕುದುರೆ, ಎಲ್ಲಾ ಹೆವಿ ಮೆಟಲ್ ಆಲ್ಬಮ್ಮಿನ ಕವರ್ ಇದ್ದ ಹಾಗಿದೆ. ಆದರೆ ಒಳಗಿರೋದು ಸಾಕುತಾಯಿ ಮತ್ತು ಮಗಳ ಕತೆ. ಅಷ್ಟು ಕೆಟ್ಟ ಜಾಗದಲ್ಲಿ ಬೆಳೆದೂ ಡಯಾನಾ ಕರುಣೆ ಕಳೆದುಕೊಳ್ಳಲ್ಲ. ಎಲ್ಲವನ್ನೂ ಬದಲಾಯಿಸಿದ ಮೇಲೂ ಪಾತ್ರದಲ್ಲಿ ಉಳಿಯೋದು ಏನು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನಾನು ನೋಡಿಲ್ಲ.

*5. ಬ್ಯಾಟ್‌ಮ್ಯಾನ್/ಸೂಪರ್‌ಮ್ಯಾನ್: ವರ್ಲ್ಡ್ಸ್ ಫೈನೆಸ್ಟ್* (ಕತೆ: ಮಾರ್ಕ್ ವೇಯ್ಡ್, ಚಿತ್ರ: ಡ್ಯಾನ್ ಮೋರಾ)

ನನ್ನ ವಾದಕ್ಕೆ ವಿರುದ್ಧ ಸಾಕ್ಷಿ ಇದು, ಹಾಗಂತ ಮುಚ್ಚಿಡೋಕೆ ಆಗಲ್ಲ. 2022ರಿಂದ ಬರ್ತಿರೋ ಇದು ಹಳೇ ಲೋಕದ್ದೇ ಕತೆ. ಆದರೆ ಒಂದು ಉಪಾಯ ಮಾಡಿದ್ದಾರೆ. ಕತೆ ನಡೆಯೋದು ಕೆಲವು ವರ್ಷ ಹಿಂದೆ, ರಾಬಿನ್ ಇನ್ನೂ ಹುಡುಗನಾಗಿದ್ದ ಕಾಲದಲ್ಲಿ. ಮುಂದೆ ಏನಾಗುತ್ತೆ ಅಂತ ನಮಗೆ ಗೊತ್ತು, ಕತೆಗಾರರಿಗೂ ಗೊತ್ತು. ಆದ್ದರಿಂದ ಲೋಕ ಮುಳುಗಿಸ್ತೀನಿ ಅಂತ ಸುಳ್ಳು ಹೆದರಿಸೋದಿಲ್ಲ, ಖುಷಿಯಾಗಿ ಕತೆ ಹೇಳ್ತಾರೆ. ಹಳೇ ಲೋಕದಲ್ಲೂ ಪ್ರಾಮಾಣಿಕವಾಗಿ ಬರೆದರೆ ಒಳ್ಳೇದು ಬರುತ್ತೆ.

ಬೇಜಾರು ಮಾಡಿದ್ದು

*1. ಎಕ್ಸ್-ಮೆನ್: ಕ್ರಕೋವಾದ ಕೊನೆ*

ಇದನ್ನ ಬರೆಯೋದು ಕಷ್ಟ. 2019ರ ಜುಲೈನಲ್ಲಿ ಹಿಕ್‌ಮನ್ ಬರೆದ 'ಹೌಸ್ ಆಫ್ ಎಕ್ಸ್' ಶುರುವಾಯಿತು. ನಾನು ಅದನ್ನ ಓದಿದ್ದು ಲಾಕ್‌ಡೌನ್‌ನಲ್ಲಿ, ಹತ್ತನೇ ಕ್ಲಾಸ್ ಆನ್‌ಲೈನ್ ಪಾಠದ ಮಧ್ಯೆ ಕಳ್ಳತನದಲ್ಲಿ. ಅಲ್ಲಿವರೆಗೆ ಮ್ಯೂಟೆಂಟ್‌ಗಳ ಕತೆ ಅಂದರೆ ಅವರನ್ನು ಜಗತ್ತು ದ್ವೇಷಿಸುತ್ತೆ, ಅವರು ಒಂದು ಶಾಲೆಯಲ್ಲಿ ಅಡಗಿ ಕೂತು ಆ ಜಗತ್ತನ್ನೇ ಕಾಪಾಡ್ತಾರೆ. ಹಿಕ್‌ಮನ್ ಅವರಿಗೆ ಒಂದು ದೇಶ ಕೊಟ್ಟ. ಕ್ರಕೋವಾ ಅನ್ನೋ ಜೀವಂತ ದ್ವೀಪ, ಅದಕ್ಕೆ ತನ್ನದೇ ಭಾಷೆ, ಲಿಪಿ, ಕಾನೂನು. ಐದು ಮ್ಯೂಟೆಂಟ್‌ಗಳು ತಮ್ಮ ಶಕ್ತಿ ಸೇರಿಸಿ ಸತ್ತವರನ್ನು ಮತ್ತೆ ಹುಟ್ಟಿಸ್ತಾರೆ. ಮಧ್ಯೆ ಮಧ್ಯೆ ಚಾರ್ಟು, ನಕ್ಷೆ, ರಿಪೋರ್ಟ್ ಥರದ ಪುಟಗಳು. ನಾನು ಆ ಲಿಪಿ ಕಲಿತು ನೋಟ್‌ಬುಕ್ಕಿನ ಹಿಂದೆ ನನ್ನ ಹೆಸರು ಬರೆದಿದ್ದೆ.

ಆ ಐದು ವರ್ಷ ಅಲ್ಲಿ ಒಳ್ಳೆಯ ಪ್ರಶ್ನೆಗಳಿದ್ದವು. ತುಳಿತಕ್ಕೆ ಒಳಗಾದವರಿಗೆ ಅಧಿಕಾರ ಸಿಕ್ಕರೆ ಅವರೂ ಗೋಡೆ ಕಟ್ತಾರಾ? ಸಾವೇ ಇಲ್ಲ ಅಂದಮೇಲೆ ತ್ಯಾಗಕ್ಕೆ ಏನು ಅರ್ಥ? ಹಿಕ್‌ಮನ್ 'ಇನ್‌ಫರ್ನೋ' ಬರೆದು ನಡುವೆಯೇ ಬಿಟ್ಟು ಹೋದ. ಉಳಿದವರು ಮುಂದುವರಿಸಿದರು. 2024ರ ಜನವರಿಯಿಂದ 'ಫಾಲ್ ಆಫ್ ದಿ ಹೌಸ್ ಆಫ್ ಎಕ್ಸ್', 'ರೈಸ್ ಆಫ್ ದಿ ಪವರ್ಸ್ ಆಫ್ ಎಕ್ಸ್' ಅಂತ ಎರಡು ಸರಣಿಗಳಲ್ಲಿ ಎಲ್ಲವನ್ನೂ ಗಡಿಬಿಡಿಯಲ್ಲಿ ಮುಗಿಸಿದರು. ಯುದ್ಧ, ಕಾಲಪ್ರಯಾಣ, ಮತ್ತೆ ಯುದ್ಧ. ಕೊನೆಗೆ ದ್ವೀಪ ಮತ್ತು ಅಲ್ಲಿ ಉಳಿದವರು ಬೇರೊಂದು ಲೋಕಕ್ಕೆ ಹೋಗಿಬಿಡ್ತಾರೆ. ಪರೀಕ್ಷೆಯಲ್ಲಿ ಕೊನೇ ಹತ್ತು ನಿಮಿಷ ಉಳಿದಾಗ ನಾವು ಬರೆಯೋ ಉತ್ತರದ ಥರ ಇತ್ತು.

ಜೂನ್‌ನಲ್ಲಿ ಕ್ರಕೋವಾ ಮುಗಿಯಿತು. ಜುಲೈನಲ್ಲಿ ಹೊಸ 'ಎಕ್ಸ್-ಮೆನ್' ನಂಬರ್ 1. ಒಂದು ತಂಡ ಅಲಾಸ್ಕಾದಲ್ಲಿ, ಇನ್ನೊಂದು ಲೂಸಿಯಾನದಲ್ಲಿ, ಮತ್ತೊಂದು ಶಿಕಾಗೋದಲ್ಲಿ. ಜಗತ್ತು ಮತ್ತೆ ದ್ವೇಷಿಸುತ್ತೆ, ಇವರು ಮತ್ತೆ ಕಾಪಾಡ್ತಾರೆ. ಜೆಡ್ ಮೆಕೇ, ಗೇಲ್ ಸಿಮೋನ್ ಕೆಟ್ಟ ಬರಹಗಾರರಲ್ಲ, ಬಿಡಿ ಬಿಡಿಯಾಗಿ ಓದಿದರೆ ಸಂಚಿಕೆಗಳು ಚೆನ್ನಾಗೇ ಇವೆ. ನನ್ನ ಬೇಜಾರು ಅವರ ಮೇಲಲ್ಲ. ದೇಶ ಕಳೆದುಕೊಂಡವರ ಕತೆ ಬರೆಯೋ ಅವಕಾಶ ಇತ್ತು. ಆ ದುಃಖಕ್ಕೆ ಒಂದು ವರ್ಷವಾದರೂ ಕೊಡಬಹುದಿತ್ತು. ಆದರೆ ಅವಸರ ಇದ್ದದ್ದು ಎಲ್ಲರಿಗೂ ಪರಿಚಯ ಇರೋ ಎಕ್ಸ್-ಮೆನ್‌ರನ್ನು ವಾಪಸ್ ಅಂಗಡಿಗೆ ತರೋದಕ್ಕೆ. ನೋಟ್‌ಬುಕ್ಕಿನ ಹಿಂದಿನ ಆ ಲಿಪಿ ಈಗ ಇಲ್ಲದ ದೇಶದ್ದು.

*2. ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್*

ಇದು ಮುಖ್ಯ ಕತೆ, ಹಳೇ ಪೀಟರ್. ಜೆಬ್ ವೆಲ್ಸ್ 2022ರಿಂದ ಬರೆದು 2024ರಲ್ಲಿ 60ನೇ ಸಂಚಿಕೆಗೆ ಮುಗಿಸಿದರು. ಮೇರಿ ಜೇನ್ ಪಾಲ್ ಅನ್ನೋ ಇನ್ನೊಬ್ಬನ ಜೊತೆ. ಪೀಟರ್ ಒಬ್ಬಂಟಿ, ಸೋತವ, ಎಲ್ಲರ ಕೈಲೂ ಬೈಸಿಕೊಳ್ಳೋನು. ಕಷ್ಟ ಪಡೋದು ಪೀಟರ್‌ಗೆ ಹೊಸದಲ್ಲ, ಆದರೆ ಆ ಕಷ್ಟದಿಂದ ಅವನು ಏನನ್ನೂ ಕಲಿಯದಿದ್ದರೆ ಅದು ಕತೆ ಆಗಲ್ಲ, ಗೋಳು ಆಗುತ್ತೆ. ಒಂದೇ ಕಂಪನಿ, ಒಂದೇ ತಿಂಗಳು, ಎರಡು ಪೀಟರ್. ಒಬ್ಬ ಮನೆಯವರಿಗೆ ತನ್ನ ಗುಟ್ಟು ಹೇಳೋದು ಹೇಗೆ ಅಂತ ಯೋಚಿಸ್ತಾನೆ, ಇನ್ನೊಬ್ಬನಿಗೆ ಬೆಳೆಯೋಕೇ ಬಿಡಲ್ಲ.

*3. ಈವೆಂಟ್‌ಗಳು*

ಈವೆಂಟ್ ಅಂದರೆ ಕಂಪನಿಯ ಹೀರೋಗಳೆಲ್ಲ ಸೇರೋ ದೊಡ್ಡ ಕತೆ. ಮುಖ್ಯ ಸರಣಿ ಒಂದಿರುತ್ತೆ, ಅದರ ತುಣುಕುಗಳು ಬೇರೆ ಬೇರೆ ಪುಸ್ತಕಗಳಲ್ಲಿ ಹರಡಿರುತ್ತವೆ. ಮಾರ್ವೆಲ್‌ನ 'ಬ್ಲಡ್ ಹಂಟ್' ಮೇನಿಂದ ಜುಲೈವರೆಗೆ ನಡೆಯಿತು. ಸೂರ್ಯನ ಬೆಳಕು ಹೋಗಿ ರಕ್ತಪಿಶಾಚಿಗಳು ಜಗತ್ತಿನ ಮೇಲೆ ಬೀಳ್ತಾರೆ. ಪೆಪೆ ಲರಾಜ್ ಚಿತ್ರಗಳು ಅದ್ಭುತ, ಕೊನೆಗೆ ಡಾಕ್ಟರ್ ಡೂಮ್‌ಗೆ ಸಿಗೋ ಪಟ್ಟವೂ ಕುತೂಹಲ ಹುಟ್ಟಿಸಿತು. ಆದರೆ ಅಲ್ಲಿಗೆ ತಲುಪೋಕೆ ಎಷ್ಟು ಪುಸ್ತಕಗಳು ತಮ್ಮ ಸ್ವಂತ ಕತೆ ನಿಲ್ಲಿಸಿ ಪಿಶಾಚಿ ಹೊಡೆಯಬೇಕಾಯಿತು! ಡಿಸಿಯ 'ಅಬ್ಸೊಲ್ಯೂಟ್ ಪವರ್' ನಾಲ್ಕೇ ಸಂಚಿಕೆ, ಇದರಷ್ಟು ಎಳೆಯಲಿಲ್ಲ. ಅಮಾಂಡಾ ವಾಲರ್ ಹೀರೋಗಳ ಶಕ್ತಿಯನ್ನೆಲ್ಲ ಕಸಿದುಕೊಳ್ಳೋದು ಒಳ್ಳೇ ಆರಂಭ. ಆದರೆ ಶಕ್ತಿ ವಾಪಸ್ ಬಂದೇ ಬರುತ್ತೆ ಅಂತ ಗೊತ್ತಿದ್ದಾಗ ಭಯ ಎಲ್ಲಿಂದ ಬರಬೇಕು?

ದುಡ್ಡಿನ ಮಾತೂ ಇದೆ. 2024ರಲ್ಲಿ ಮಾಮೂಲಿ ಸಂಚಿಕೆಯ ಬೆಲೆ 3.99 ಅಥವಾ 4.99 ಡಾಲರ್ ಇತ್ತು. ಆಗಿನ ನಮ್ಮ ಲೆಕ್ಕದಲ್ಲಿ 330ರಿಂದ 420 ರೂಪಾಯಿ, ಹದಿನೈದು ನಿಮಿಷದ ಓದಿಗೆ. ಒಂದು ಈವೆಂಟ್ ಪೂರ್ತಿ ಓದಬೇಕು ಅಂದರೆ ಮೆಸ್ ಬಿಲ್ ಕಟ್ಟದೆ ಉಪವಾಸ ಇರಬೇಕು. ನಾನು ಮಾರ್ವೆಲ್ ಓದೋದು ಅವರ ಆ್ಯಪ್‌ನಲ್ಲಿ, ಅಲ್ಲಿಗೆ ಹೊಸ ಸಂಚಿಕೆ ಬರೋದು ಮೂರು ತಿಂಗಳು ತಡವಾಗಿ. ಅಷ್ಟು ಕಾಯೋಕೆ ತಯಾರಿರೋ ಓದುಗನಿಗೆ "ಏನೂ ಬದಲಾಗಿಲ್ಲ" ಅನ್ನೋ ಕೊನೆ ಕೊಡಬಾರದು.

ಹಾಗಾದರೆ ಹೊಸ ಲೋಕಗಳೇ ಪರಿಹಾರವಾ?

ಪೂರ್ತಿ ಅಲ್ಲ. ಹೊಸದಾಗಿ ಬರೆದ ಕೋಡ್ ಕೂಡ ಹತ್ತು ವರ್ಷಕ್ಕೆ ಲೆಗಸಿ ಆಗುತ್ತೆ. ಮಾರ್ವೆಲ್ ಇದನ್ನ ಮೊದಲೂ ಮಾಡಿತ್ತು. 2000ದಲ್ಲಿ ಇದೇ 'ಅಲ್ಟಿಮೇಟ್' ಹೆಸರಲ್ಲಿ, ಹೊಸ ಓದುಗರಿಗೆ ಅಂತಲೇ ಒಂದು ಲೋಕ ಶುರುವಾಯಿತು. ಬೆಂಡಿಸ್ ಮತ್ತು ಬ್ಯಾಗ್ಲಿ ಮಾಡಿದ ಆಗಿನ ಸ್ಪೈಡರ್‌ಮ್ಯಾನ್ ಇವತ್ತಿಗೂ ಓದಬಹುದು. ಆದರೆ ಆ ಲೋಕಕ್ಕೂ ವಯಸ್ಸಾಯಿತು, ತನ್ನದೇ ಕಂಟಿನ್ಯುಟಿ ಭಾರ ಆಯ್ತು, ದೊಡ್ಡ ದೊಡ್ಡ ಸಾವುಗಳನ್ನು ತಂದು ಸುಸ್ತಾಯಿತು. 2015ರಲ್ಲಿ ಮುಚ್ಚಿಬಿಟ್ಟರು.

ಆದರೆ ಆ ಲೋಕದಿಂದ ಒಬ್ಬ ಉಳಿದುಕೊಂಡ. ಅಲ್ಲಿ ಪೀಟರ್ ಸತ್ತ. ಅವನ ಜಾಗಕ್ಕೆ 2011ರಲ್ಲಿ ಮೈಲ್ಸ್ ಮೊರಾಲಿಸ್ ಅನ್ನೋ ಹುಡುಗ ಬಂದ. ಲೋಕ ಮುಚ್ಚಿದರೂ ಮೈಲ್ಸ್ ಮುಖ್ಯ ಕತೆಗೆ ಬಂದ, ಸಿನಿಮಾಗೂ ಬಂದ. 'ಸ್ಪೈಡರ್-ವರ್ಸ್' ನೋಡಿದ ನಿಮಗೆಲ್ಲ ಅವನು ಗೊತ್ತು. ಒಬ್ಬನ ಕತೆಯನ್ನು ನಿಜವಾಗಿ ಮುಗಿಸೋ ಧೈರ್ಯ ಮಾಡಿದ್ದರಿಂದ ಇನ್ನೊಬ್ಬ ಹುಟ್ಟಿದ. ಹಳೇ ಲೋಕದಲ್ಲಿ ಕಾಣೆಯಾಗಿರೋದು ಈ ಧೈರ್ಯವೇ. ನಾನು ಕ್ರಕೋವಾಕ್ಕೆ ಇಷ್ಟು ಬೇಜಾರು ಮಾಡಿಕೊಳ್ಳೋದೂ ಇದಕ್ಕೇ. ಅದು ಮುಗಿದದ್ದು ತಪ್ಪಲ್ಲ. ಮುಗಿದದ್ದರಿಂದ ಏನೂ ಆಗಲಿಲ್ಲ ಅನ್ನೋದು ತಪ್ಪು.

ಕೊನೆಗೆ ಮೊದಲಿನ ಪ್ರಶ್ನೆಗೆ ಬರ್ತೀನಿ. ಎಲ್ಲಿಂದ ಶುರು ಮಾಡ್ಲಿ? ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ 2024ರ ಒಂದನೇ ಸಂಚಿಕೆಯಿಂದ ಶುರು ಮಾಡಿ. ಸಿವಿಲ್‌ನವರಾದರೆ ಅಬ್ಸೊಲ್ಯೂಟ್ ಬ್ಯಾಟ್‌ಮ್ಯಾನ್. ಹಿಂದಿನದು ಏನೂ ಗೊತ್ತಿರಬೇಕಾಗಿಲ್ಲ. ಕಳೆದ ತಿಂಗಳು ಇದೇ ಉತ್ತರ ಕೊಟ್ಟು ಕಳಿಸಿದ ನನ್ನ ಜೂನಿಯರ್ ಒಬ್ಬ ಮೂರು ದಿನ ಬಿಟ್ಟು ವಾಪಸ್ ಬಂದ. "ಅಣ್ಣಾ, ಆ ಊಟದ ಸಂಚಿಕೆ ಓದಿದೆ. ಮುಂದೆ?" ಅಂದ.

ಈ ಸಲ ರೀಲ್ಸ್ ಸೋತಿತ್ತು.